ಕೆಂಪು ಲೈಟ್ ಹತ್ತಿದರೆ ಯಾವ ಬಟನ್ ಒತ್ತುತ್ತೀರಿ?

ನಾನು ಏರ್‌ಬಸ್ ಎ320 ಹಾರಿಸುತ್ತೇನೆ ಅಂದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮೇಲೆ ಹಾರುತ್ತಿರುವಾಗ ಕೆಂಪು ಲೈಟ್ ಹತ್ತಿದರೆ ಮೊದಲು ಯಾವ ಬಟನ್ ಒತ್ತುತ್ತೀರಿ?"

ಆ ಲೈಟನ್ನೇ. ತಮಾಷೆ ಅಲ್ಲ, ಮಾಸ್ಟರ್ ವಾರ್ನಿಂಗ್ ಅನ್ನುವ ಆ ಕೆಂಪು ಲೈಟೇ ಒಂದು ಬಟನ್. ಒತ್ತಿದರೆ ಒಂದೇ ಸಮನೆ ಬಡಿದುಕೊಳ್ಳುವ ಸದ್ದು ನಿಲ್ಲುತ್ತದೆ. ಆಮೇಲೆ ಆತುರದಿಂದ ಯಾವ ಸ್ವಿಚ್ಚಿಗೂ ಕೈ ಹಾಕುವುದಿಲ್ಲ. ಟೇಕಾಫ್ ಆದ ತಕ್ಷಣ ಎಂಜಿನ್‌ಗೆ ಬೆಂಕಿ ಅಂತ ತೋರಿಸಿದರೂ ಅಷ್ಟೇ. ಕನಿಷ್ಠ 400 ಅಡಿ ಏರುವವರೆಗೆ ಚಕ್ರ ಮೇಲೆತ್ತಿ ವಿಮಾನವನ್ನು ಸರಿಯಾಗಿ ಹಾರಿಸುವುದೇ ಕೆಲಸ. ಈ ಉತ್ತರ ಕೇಳಿ ಜನರಿಗೆ ಸ್ವಲ್ಪ ನಿರಾಸೆಯಾಗುತ್ತದೆ.

ಯಾಕೆ ಹೀಗೆ? 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ ವಿಮಾನ 401 ಮಯಾಮಿಯಲ್ಲಿ ಇಳಿಯಬೇಕಿತ್ತು. ಮುಂದಿನ ಚಕ್ರ ಇಳಿದಿದೆ ಎಂದು ತೋರಿಸುವ ಹಸಿರು ಲೈಟ್ ಬರಲಿಲ್ಲ. 2,000 ಅಡಿಗೆ ಏರಿ, ಆಟೋಪೈಲಟ್ ಹಾಕಿ, ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ಲೈಟಿನ ಹಿಂದೆ ಬಿದ್ದರು. ಫ್ಲೈಟ್ ಎಂಜಿನಿಯರ್ ಚಕ್ರ ಕಾಣುತ್ತದಾ ಅಂತ ಕೆಳಗಿಳಿದು ನೋಡಲು ಹೋದರು. ಅಷ್ಟರಲ್ಲಿ ಎತ್ತರ ಕಾಯುವ ಆಟೋಪೈಲಟ್ ವ್ಯವಸ್ಥೆ ಯಾರಿಗೂ ಗೊತ್ತಾಗದಂತೆ ಬಿಟ್ಟುಹೋಗಿತ್ತು. ಎತ್ತರ ತಪ್ಪಿದೆ ಎಂದು ಗಂಟೆ ಬಾರಿಸಿದ್ದನ್ನೂ ಯಾರೂ ಗಮನಿಸಲಿಲ್ಲ. ವಿಮಾನ ಮೆಲ್ಲಗೆ ಇಳಿಯುತ್ತಾ ಇಳಿಯುತ್ತಾ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. 101 ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು, ಸುಟ್ಟುಹೋಗಿದ್ದು ಬಲ್ಬ್.

ಅದಕ್ಕೇ ಈಗ ಏನೇ ಆದರೂ ಒಬ್ಬರು ಹಾರಿಸುತ್ತಲೇ ಇರುತ್ತಾರೆ. ಇನ್ನೊಬ್ಬರು, ಏನು ಕೆಟ್ಟಿದೆ, ಏನು ಮಾಡಬೇಕು ಅಂತ ತೋರಿಸುವ ಇಕ್ಯಾಮ್ ಪರದೆಯಲ್ಲಿ ಬಂದದ್ದನ್ನು ಸಾಲು ಸಾಲಾಗಿ ಓದಿ ಮಾಡುತ್ತಾರೆ. ಎಂಜಿನ್ ಆಫ್ ಮಾಡುವ ಸ್ವಿಚ್ ಆದರೆ, ಅದರ ಮೇಲೆ ಕೈಯಿಟ್ಟು, "ಇದೇನಾ?" ಎಂದು ಕೇಳಿ, ಇನ್ನೊಬ್ಬರು ನೋಡಿ ಹೌದು ಅಂದ ಮೇಲೇ ತಿರುಗಿಸುವುದು. ಅತಿ ಅನ್ನಿಸುತ್ತೆ ಅಲ್ವಾ? 2015ರ ಫೆಬ್ರುವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ ವಿಮಾನದ ಬಲಗಡೆ ಎಂಜಿನ್ ಕೈಕೊಟ್ಟಿತು. ಆಫ್ ಮಾಡಿದ್ದು ಎಡಗಡೆಯದನ್ನು. 43 ಜನ ಉಳಿಯಲಿಲ್ಲ.

ಎಲ್ಲಕ್ಕೂ ಇಷ್ಟು ನಿಧಾನ ನಡೆಯಲ್ಲ. ನೆಲ ಹತ್ತಿರ ಬಂದಿದೆ, "ಪುಲ್ ಅಪ್" ಎಂದು ವಿಮಾನ ಕೂಗಿದರೆ ಓದುತ್ತಾ ಕೂರುವ ಹಾಗಿಲ್ಲ, ತಕ್ಷಣ ವಿಮಾನವನ್ನು ಮೇಲಕ್ಕೆ ಎಳೆಯಬೇಕು. ಕ್ಯಾಬಿನ್ ಒತ್ತಡ ಹೋದರೆ ಮೊದಲು ಆಕ್ಸಿಜನ್ ಮಾಸ್ಕ್. ಇಂಥವು ಕೆಲವೇ, ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಮಾಡಿಸಿ ಕೈಗೆ ರೂಢಿ ಮಾಡಿಸಿರುತ್ತಾರೆ.

"ಲೈಟೇ ಸುಳ್ಳು ಹೇಳಿದರೆ?" ಅಂತ ಜಾಣರು ಕೇಳುತ್ತಾರೆ. ಹೇಳುತ್ತದೆ. ಕಾರ್ಗೋದಲ್ಲಿ ಹೊಗೆ ಅನ್ನುವ ವಾರ್ನಿಂಗ್ ಈ ವಿಷಯದಲ್ಲಿ ಹೆಸರುವಾಸಿ. ಹಣ್ಣು ತರಕಾರಿಯಿಂದ ಏಳುವ ತೇವಕ್ಕೂ ಅದು ಬರಬಹುದು. ಆದರೆ ಹಾರುತ್ತಿರುವಾಗ ಕಾರ್ಗೋ ಬಾಗಿಲು ತೆಗೆದು ಇಣುಕಲು ಆಗಲ್ಲ. ಹಾಗಾಗಿ ನಿಜ ಎಂದೇ ತಿಳಿದು, ಬೆಂಕಿ ಆರಿಸುವ ಗ್ಯಾಸ್ ಬಿಟ್ಟು, ಹತ್ತಿರದ ಏರ್‌ಪೋರ್ಟ್‌ನಲ್ಲಿ ಇಳಿಯುತ್ತೇವೆ. ಅಲ್ಲಿ ಅಗ್ನಿಶಾಮಕದವರು ಬಾಗಿಲು ತೆಗೆದರೆ ಒಳಗೆ ಏನೂ ಇಲ್ಲ ಅನ್ನೋದೂ ಉಂಟು. ಸುಮ್ನೆ ಟೈಮ್ ಹಾಳು ಮಾಡಿದರು ಅಂತ ಪ್ರಯಾಣಿಕರು ಬೈಯುತ್ತಾರೆ. ಬೈಯಲಿ ಬಿಡಿ.