ಬಸಳೆ ಹಣ್ಣಿನ ಬಣ್ಣ

ದಸರಾ ರಜೆಗೆ ತಂಗಿಯ ಮಕ್ಕಳಿಬ್ಬರು ಬೆಂಗಳೂರಿನಿಂದ ಸಾಗರದ ನಮ್ಮ ಮನೆಗೆ ಬಂದಿದ್ದರು. ಹುಡುಗನಿಗೆ ಒಂಬತ್ತು, ಹುಡುಗಿಗೆ ಆರು. ಭೂಮಿ ಹುಣ್ಣಿಮೆಗೆ ಇನ್ನು ಮೂರೇ ದಿನವಿತ್ತು. ಪಕ್ಕದ ಮನೆಯ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಬೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದರು. ದೀವರ ಸಮುದಾಯದ ಮನೆಗಳಲ್ಲಿ ಆ ಹಬ್ಬದ ಅಡುಗೆ ಗದ್ದೆಗೆ ಹೋಗುವುದು ಈ ಬುಟ್ಟಿಯಲ್ಲೇ. ಅದು ಬಸುರಿ ಭೂಮಿಗೆ ಬಡಿಸುವ ಬಯಕೆಯ ಊಟ. ಸಗಣಿ ಸಾರಿಸಿ ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳು ಒಂದರ ಪಕ್ಕ ಒಂದು ನೂಲಿನಂತೆ ಇಳಿಯುತ್ತಿದ್ದವು. ಅಜ್ಜಿಯ ಕೈಯಲ್ಲಿದ್ದದ್ದು ಪುಂಡಿ ನಾರಿನ ಕುಂಚ, ಅಷ್ಟೇ. ಮಕ್ಕಳು ಮಧ್ಯಾಹ್ನದ ಊಟಕ್ಕೆ ಕರೆಯುವವರೆಗೂ ಅಲ್ಲಿಂದ ಏಳಲಿಲ್ಲ.

ಮರುದಿನ ಬೆಳಗ್ಗೆ ಬಣ್ಣದ ಪೆಟ್ಟಿಗೆ ತರಲೆಂದು ಪೇಟೆಗೆ ಹೊರಟಿದ್ದೆ. ಹುಡುಗಿ ಬಾಗಿಲಲ್ಲಿ ತಡೆದಳು. "ಅಜ್ಜಿ ಅಂಗಡಿಗೆ ಹೋಗಲಿಲ್ಲವಲ್ಲ?" ಎಂದಳು. ಕೈಚೀಲವನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿ, ಇಬ್ಬರನ್ನೂ ಕರೆದುಕೊಂಡು ಹಿತ್ತಲಿಗೆ ಇಳಿದೆ.

ಬರೆಯಲು ಅಡಿಕೆ ಹಾಳೆ ಸಿಕ್ಕಿತು. ತೋಟದಲ್ಲಿ ಬಿದ್ದಿದ್ದ ನಾಲ್ಕನ್ನು ಆರಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಒಳಮೈ ಮೇಲೆ ಬರುವಂತೆ ಕಲ್ಲು ಹೇರಿ ಚಪ್ಪಟೆ ಮಾಡಿದೆವು. ಬೇಲಿಯ ಬುಡದ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಗೆಂಪನ್ನು ಬಸಿದುಕೊಂಡೆವು. ನೆನೆದ ಅಕ್ಕಿಯನ್ನು ಹುಡುಗ ತಾನೇ ಒರಳಿನಲ್ಲಿ ಅರೆದ. ಕಪ್ಪಿಗೆ ಅಕ್ಕಿಯನ್ನು ಬಾಣಲೆಯಲ್ಲಿ ಕರಕಲಾಗುವವರೆಗೆ ಹುರಿಯಬೇಕೆಂದು ಅಜ್ಜಿ ಬೇಲಿಯಾಚೆಯಿಂದಲೇ ಹೇಳಿದರು. ಅಡುಗೆಮನೆ ತುಂಬ ಹೊಗೆ. ಅರಿಶಿನಕ್ಕೆ ಚಿಟಿಕೆ ಸುಣ್ಣ ಬೆರೆಸಿದಾಗ ಇಬ್ಬರೂ ಒಟ್ಟಿಗೆ "ಆರತಿ ನೀರು!" ಎಂದು ಕೂಗಿದರು. ಆರತಿ ತಟ್ಟೆಯ ಕೆಂಪು ಎಲ್ಲಿಂದ ಬರುತ್ತದೆ ಎಂದು ಅವರಿಗೆ ತಿಳಿದದ್ದು ಅಂದೇ.

ಶಂಖಪುಷ್ಪದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹನ್ನೆರಡು ಹೂಗಳನ್ನು ಬಿಸಿನೀರಿಗೆ ಹಾಕಿದೆವು. ಹೂವಿನ ನೀಲಿ ಎಳೆಎಳೆಯಾಗಿ ನೀರಿಗೆ ಇಳಿಯಿತು, ದಳಗಳು ಬಿಳಿಚಿ ಮೇಲೆ ತೇಲಿದವು. ಆ ನೀರನ್ನು ಮೂರು ಬಟ್ಟಲಿಗೆ ಹಂಚಿದೆ. ಒಂದಕ್ಕೆ ಹುಡುಗಿ ನಿಂಬೆಹಣ್ಣು ಹಿಂಡಿದಳು. ಹನಿ ಬಿದ್ದ ಜಾಗದಲ್ಲಿ ಮೊದಲು ನೇರಳೆ ಸುಳಿಯೊಂದು ಎದ್ದಿತು, ಕಡ್ಡಿಯಿಂದ ತಿರುವಿದ ಕೂಡಲೇ ಇಡೀ ಬಟ್ಟಲು ಗುಲಾಬಿಯಾಯಿತು. ಅವಳು ಬಟ್ಟಲನ್ನು ನೋಡಿದಳು, ಕೈಯಲ್ಲಿದ್ದ ನಿಂಬೆ ಹೋಳನ್ನು ನೋಡಿದಳು, ಮಾತಾಡಲಿಲ್ಲ. ಇನ್ನೊಂದಕ್ಕೆ ಒಲೆಯ ಬೂದಿಯ ತಿಳಿನೀರು ಹಾಕಿದಾಗ ಹಸಿರು ಬಂತು. ಹುಳಿಗೆ ಒಂದು, ಕ್ಷಾರಕ್ಕೆ ಒಂದು ಬಣ್ಣ ಎಂದು ವಿವರಿಸಲು ಬಾಯಿ ತೆರೆದವಳು ಸುಮ್ಮನಾದೆ. ಅಂಥ ಹೊತ್ತಿನಲ್ಲಿ ದೊಡ್ಡವರು ಮಾತಾಡಬಾರದು ಎಂದೇ ನನಗೆ ಅನಿಸುತ್ತದೆ.

ಅಲ್ಲಿ ಸುಮ್ಮನಿದ್ದವಳು ಮುಂದೆ ಹಾಗೆ ಸುಮ್ಮನಿರಲಿಲ್ಲ. ಅಜ್ಜಿಯ ಬುಟ್ಟಿಯಲ್ಲಿ ಕಂಡ ಚಿತ್ತಾರವನ್ನೇ ಒಂದು ಹಾಳೆಯ ಮೇಲೆ ಬರೆದು ತೋರಿಸಿ, "ಹೀಗೆ ಬರೆಯಿರಿ" ಎಂದುಬಿಟ್ಟೆ. ಹುಡುಗ ಬರೆದ. ಹುಡುಗಿ ಕುಂಚವನ್ನು ಕೆಳಗಿಟ್ಟು ಎದ್ದು ಹೋದಳು. ಆ ತಪ್ಪು ನನ್ನದೇ. ಹಾಳೆಯನ್ನು ಮಗುಚಿಟ್ಟು ಅವಳನ್ನು ಹುಡುಕಿಕೊಂಡು ಹೋದರೆ ಬಸಳೆ ಚಪ್ಪರದ ಕೆಳಗೆ ಕುಳಿತಿದ್ದಳು. ಕಪ್ಪಗೆ ಹಣ್ಣಾದ ಬಸಳೆ ಕಾಯಿಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ, ಅಡಿಕೆ ಹಾಳೆಯ ಒಂದು ಚೂರಿನ ಮೇಲೆ ಒತ್ತುತ್ತಿದ್ದಳು. ಗೆರೆಯೇ ಇರಲಿಲ್ಲ, ಬರೀ ಬೆರಳಿನ ಗುರುತು. ಆ ಕಡುನೇರಳೆ, ಅದರ ಅಂಚಿನಲ್ಲಿ ಒಡೆಯುವ ಗುಲಾಬಿ, ಅಂಗಡಿಯ ಯಾವ ಪೆಟ್ಟಿಗೆಯಲ್ಲೂ ನಾನು ಕಂಡದ್ದಲ್ಲ. "ಇದು ಏನು?" ಎಂದು ಕೇಳಲಿಲ್ಲ. ಪಕ್ಕದಲ್ಲಿ ಕುಳಿತು ಹಣ್ಣು ಕೊಯ್ದು ಕೊಟ್ಟೆ. ಅವಳ ಮೊಣಕೈವರೆಗೂ ಬಣ್ಣ ಇಳಿದಿತ್ತು.

ಮೂರನೆಯ ದಿನಕ್ಕೆ ಆ ನೇರಳೆ ಕಂದಿ ಮಾಸಲು ಕಂದಾಯಿತು. ಅಣ್ಣನ ಕೆಮ್ಮಣ್ಣಿನ ಗೆರೆಗಳು ಹಾಗೇ ಇದ್ದವು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ, ಇನ್ನಷ್ಟು ಹಣ್ಣು ಬೇಕೆಂದು ಹಿತ್ತಲಿಗೆ ಓಡಿದಳು. ಚಪ್ಪರದಲ್ಲಿ ಉಳಿದಿದ್ದದ್ದು ಹಸಿರು ಕಾಯಿಗಳು ಮಾತ್ರ. ಹಣ್ಣಾಗಲು ಎಷ್ಟು ದಿನ ಬೇಕು ಎಂದು ಕೇಳಿದಳು. ವಾರ, ಹತ್ತು ದಿನ ಎಂದೆ. ಭಾನುವಾರ ಅವರು ಹೊರಡಬೇಕಿತ್ತು. ಅಜ್ಜಿಗೆ ವಿಷಯ ತಿಳಿದು, ತಮ್ಮ ಬಳಿ ಒಣಗಿಸಿಟ್ಟಿದ್ದ ಬಸಳೆ ಬೀಜಗಳನ್ನು ಕಾಗದದಲ್ಲಿ ಕಟ್ಟಿ ಅವಳ ಕೈಗಿತ್ತರು.

ಈಗ ಅವರ ಮನೆಯ ಬಾಲ್ಕನಿಯ ಕುಂಡದಲ್ಲಿ ಮೂರು ಸಸಿಗಳಿವೆಯಂತೆ. ನಿನ್ನೆ ಫೋನಿನಲ್ಲಿ ತಂಗಿ, ಎಲೆ ದೊಡ್ಡದಾಗಿದೆ, ತಂಬುಳಿಗೆ ಕೊಯ್ಯೋಣವೆಂದರೆ ಇವಳು ಮುಟ್ಟಲು ಬಿಡುತ್ತಿಲ್ಲ ಎಂದಳು. ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು: "ಹೂವು ಬಂದಿದೆಯಾ ಅಂತ ನಾನು ದಿನಾ ನೋಡುತ್ತಿದ್ದೇನೆ, ದೊಡ್ಡಮ್ಮ."