ಮೊದಲು ಉಬ್ಬರದ ಪಟ್ಟಿ, ಆಮೇಲೆ ರೈಲು ಟಿಕೆಟ್

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಬಂದವರಿಗೆ ಲಂಡನ್ ತೋರಿಸಿ ಮುಗಿದ ಮೇಲೆ, ಮುಂದಿನ ಪ್ರಶ್ನೆ ‘ಇನ್ನೆಲ್ಲಿಗೆ?’ ಎಂಬುದು. ಕಡಲು ಬೇಕೆನ್ನುವವರಿಗೆ ದಕ್ಷಿಣದ ಜುರಾಸಿಕ್ ಕರಾವಳಿ ಇದೆ. ಡೆವನ್‌ನ ಎಕ್ಸ್‌ಮತ್‌ನಿಂದ ಡಾರ್ಸೆಟ್‌ನ ಸ್ವಾನೇಜ್ ಹತ್ತಿರದ ಓಲ್ಡ್ ಹ್ಯಾರಿ ಬಂಡೆಗಳವರೆಗೆ ಸುಮಾರು 150 ಕಿ.ಮೀ. ಇದು 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಪಶ್ಚಿಮದ ತುದಿಯಲ್ಲಿ ಬಂಡೆ ಕೆಂಪು, ಪೂರ್ವದ ತುದಿಯಲ್ಲಿ ಸೀಮೆಸುಣ್ಣದ ಬಿಳುಪು. ನಡುವೆ ಹುದುಗಿರುವುದು ಭೂಮಿಯ 18.5 ಕೋಟಿ ವರ್ಷಗಳ ಇತಿಹಾಸ.

ಮಲ್ಪೆ, ಕಾಪು, ಗೋಕರ್ಣ ಕಂಡವರು ಇಲ್ಲಿ ಎಡವುವುದು ಒಂದೇ ಕಡೆ: ನೀರಿನ ಏರಿಳಿತ. ಈ ಕರಾವಳಿಯ ನಡುವಿನ ಲೈಮ್ ರೀಜಿಸ್ ಊರಿನಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಮೂರೂವರೆ ಮೀಟರ್‌ನಷ್ಟು ಅಂತರ. ಬೆಳಿಗ್ಗೆ ಅಗಲವಾಗಿ ಹಾಸಿದ್ದ ಕಡಲತೀರ ಮಧ್ಯಾಹ್ನ ಇರುವುದೇ ಇಲ್ಲ. ಅಲೆ ನೇರ ಗುಡ್ಡದ ಬುಡಕ್ಕೆ ಬಡಿಯುತ್ತಿರುತ್ತದೆ. ಹಾಗಾಗಿ ಮೊದಲು ಉಬ್ಬರ-ಇಳಿತದ ವೇಳಾಪಟ್ಟಿ, ಆಮೇಲೆ ರೈಲು ಟಿಕೆಟ್. ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಕಳೆದ ವಾರದ ಲೆಕ್ಕ ಈ ವಾರಕ್ಕೆ ನಡೆಯದು. ಇನ್ನೊಂದು ಮೋಸವೂ ಇದೆ. ಕೆಲವು ಪಟ್ಟಿಗಳು ವರ್ಷವಿಡೀ ಗ್ರೀನಿಚ್ ಸಮಯದಲ್ಲೇ ಇರುತ್ತವೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅದಕ್ಕೆ ಒಂದು ಗಂಟೆ ಕೂಡಿಸಬೇಕು.

ಲೈಮ್ ಪಕ್ಕದ ಚಾರ್‌ಮತ್ ತೀರದಲ್ಲಿ ಪಳೆಯುಳಿಕೆ ಹುಡುಕಲು ಇಳಿತಕ್ಕೆ ಎರಡು ಗಂಟೆ ಮೊದಲೇ ಇಳಿಯಿರಿ. ನೀರು ಹಿಂದೆ ಸರಿಯುತ್ತಿರುವಾಗ ಹುಡುಕಬೇಕು, ತಿರುಗಿದ ಕೂಡಲೇ ಹೊರಡಬೇಕು. ಗುಡ್ಡ ಅಗೆಯುವಂತಿಲ್ಲ, ತೀರದಲ್ಲಿ ಬಿದ್ದಿರುವುದನ್ನು ಆರಿಸಿಕೊಳ್ಳಬಹುದು. ಸುತ್ತಿಗೆ ಕೊಳ್ಳುವವರು ಬಹಳ, ಬೇಕಾಗುವುದು ಕಣ್ಣು ಮಾತ್ರ. ದೊಡ್ಡ ಕಲ್ಲುಗಳ ಸಂದಿಯಲ್ಲಿ, ಕಪ್ಪು ಮರಳು ನಿಂತ ಕಡೆ ಕುಕ್ಕರುಗಾಲಲ್ಲಿ ಕೂತು ನೋಡಿ. ಅಮೋನೈಟ್ ಎಂದರೆ ಅಳಿದುಹೋದ ಕಡಲಜೀವಿಯ ಸುರುಳಿ ಚಿಪ್ಪು. ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜವಾಗಿ ಮಾರ್ಪಟ್ಟದ್ದಕ್ಕೆ ಭಾರ ಹೆಚ್ಚು, ಅಲೆ ಅದನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಎಷ್ಟೋ ಸಲ ಉಗುರಿನಷ್ಟೇ ಗಾತ್ರ, ಹಿತ್ತಾಳೆಯ ಹೊಳಪು, ಏರುಪೇರಿಲ್ಲದ ಸುರುಳಿ. ದೇವರ ಪೆಟ್ಟಿಗೆಯ ಸಾಲಿಗ್ರಾಮ ಕಂಡವರಿಗೆ ಗುರುತು ಹೇಳಿಕೊಡಬೇಕಾಗಿಲ್ಲ: ಗಂಡಕಿಯ ಸಾಲಿಗ್ರಾಮದೊಳಗಿನ ಚಕ್ರವೂ ಅಮೋನೈಟೇ. ಬಂದೂಕಿನ ಗುಂಡಿನಂತೆ ಚೂಪಾಗಿರುವುದು ಬೆಲೆಮ್ನೈಟ್, ಸ್ಕ್ವಿಡ್‌ನಂಥ ಜೀವಿಯ ಪಳೆಯುಳಿಕೆ. ಅದು ಇನ್ನೂ ಸುಲಭವಾಗಿ ಸಿಗುತ್ತದೆ.

ಪೈರೈಟ್ ಮನೆಗೆ ತಂದ ಮೇಲೂ ಕೆಲಸವಿದೆ. ಉಪ್ಪು ಬಿಡುವವರೆಗೆ ಕೆಲವು ದಿನ ಸಿಹಿನೀರಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತೇವ ತಾಗಿದರೆ ಗಂಧಕಾಮ್ಲವಾಗಿ ಒಳಗಿಂದ ಪುಡಿಯಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಶೋಕೇಸಿನಲ್ಲಿಟ್ಟರೆ ಉಳಿಯುವುದು ಅನುಮಾನ.

ಮಳೆ ಬಂದ ಮರುದಿನ ಗುಡ್ಡದ ಬುಡದಲ್ಲಿ ನಿಲ್ಲಬೇಡಿ. 2012ರ ಜುಲೈನಲ್ಲಿ ಹತ್ತಿರದ ಬರ್ಟನ್ ಬ್ರಾಡ್‌ಸ್ಟಾಕ್ ತೀರದಲ್ಲಿ ಗುಡ್ಡ ಕುಸಿದು ಯುವತಿಯೊಬ್ಬಳು ಸತ್ತಳು. ಕುಸಿದು ಬಂದ ಕೆಸರು ಮೇಲೆ ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ನಾಟಿಗದ್ದೆಯಂತೆ ಮೊಣಕಾಲವರೆಗೆ ಎಳೆದುಕೊಳ್ಳುತ್ತದೆ. ಸಿಕ್ಕಿಬಿದ್ದರೆ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ಉಬ್ಬರದ ಹೊತ್ತು ಮ್ಯೂಸಿಯಂಗೆ. ಲೈಮ್ ರೀಜಿಸ್ ಮ್ಯೂಸಿಯಂ ನಿಂತಿರುವುದು ಪಳೆಯುಳಿಕೆ ಹುಡುಕುವುದರಲ್ಲಿ ಹೆಸರಾದ ಮೇರಿ ಆ್ಯನಿಂಗ್ (1799–1847) ಹುಟ್ಟಿದ ಮನೆಯ ಜಾಗದಲ್ಲೇ. ಹನ್ನೆರಡರ ವಯಸ್ಸಿಗೇ ಇಕ್ತಿಯೋಸಾರ್, 1823ರಲ್ಲಿ ಪ್ಲೀಸಿಯೋಸಾರ್ ಎಂಬ ಪುರಾತನ ಕಡಲ ಸರೀಸೃಪಗಳನ್ನು ಹೊರತೆಗೆದವಳು. ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಆಗ ಹೆಂಗಸರಿಗೆ ಜಾಗವಿರಲಿಲ್ಲ. ಅವಳ ಪಳೆಯುಳಿಕೆ ಕೊಂಡ ಗಂಡಸರಿಗಿತ್ತು. ಆದರೆ ಒಂದೇ ಮ್ಯೂಸಿಯಂಗೆ ಸಮಯವಿದ್ದರೆ ಕಿಮರಿಜ್ ಹಳ್ಳಿಯ ಎಚಸ್ ಸಂಗ್ರಹವನ್ನೇ ಆರಿಸಿ. ಕೊಳಾಯಿ ಕೆಲಸದ ಸ್ಟೀವ್ ಎಚಸ್ ದಶಕಗಳ ಕಾಲ ಕೂಡಿಸಿಟ್ಟದ್ದು, 2016ರಿಂದ ಜನರಿಗೆ ತೆರೆದಿದೆ. ಪ್ಲಯೋಸಾರ್ ಎಂಬ ಬೇಟೆಗಾರ ಕಡಲ ಸರೀಸೃಪದ ಎರಡು ಮೀಟರ್ ಉದ್ದದ ತಲೆಬುರುಡೆ ಅಲ್ಲಿದೆ.

ಫೋಟೋದಲ್ಲೆಲ್ಲ ಕಾಣುವ ಸುಣ್ಣಕಲ್ಲಿನ ಕಮಾನು ಡರ್ಡಲ್ ಡೋರ್. ಲಲ್‌ವರ್ತ್ ಕೋವ್ ಎಂಬ ಪುಟ್ಟ ಕೊಲ್ಲಿಯಿಂದ ಗುಡ್ಡ ಹತ್ತಿಳಿದರೆ ಅರ್ಧ ಗಂಟೆ. ದೂರ ಕಡಿಮೆ, ಏರು ಜಾಸ್ತಿ. ಒದ್ದೆಯಾದರೆ ಸುಣ್ಣದ ದಾರಿ ಸಾಬೂನಿನಂತೆ ಜಾರುತ್ತದೆ. ಚಪ್ಪಲಿ ಬೇಡ. ಮಂಡಿನೋವಿನ ಹಿರಿಯರು ಕೋವ್‌ನಲ್ಲೇ ಕೂರುವುದು ವಾಸಿ, ಅದೂ ಕಡಿಮೆ ಚಂದವಲ್ಲ. ಕಮಾನಿನ ಮೇಲಿಂದ ನೀರಿಗೆ ಹಾರುವವರನ್ನು ನೋಡಿ ಹುಮ್ಮಸ್ಸು ಬೇಡ. 2020ರ ಮೇನಲ್ಲಿ ಹಾಗೆ ಹಾರಿ ಗಾಯಗೊಂಡವರನ್ನು ಒಯ್ಯಲು ಹೆಲಿಕಾಪ್ಟರ್ ಇಳಿಯಬೇಕಾಯಿತು.

ಕೋವ್‌ನಿಂದ ಪೂರ್ವಕ್ಕೆ ಸೇನೆಯ ಗುಂಡು ಹಾರಿಸುವ ವಲಯ. ದಾರಿ ಹೆಚ್ಚಿನ ವಾರಾಂತ್ಯಗಳಲ್ಲಿ ಮತ್ತು ಆಗಸ್ಟ್ ರಜೆಯಲ್ಲಿ ತೆರೆದಿರುತ್ತದೆ. ಕೆಂಪು ಬಾವುಟ ಕಂಡರೆ ಹಿಂದಿರುಗಿ, ತೆರೆದಿದ್ದಾಗ ಹಳದಿ ಗೂಟಗಳ ನಡುವೆಯೇ ನಡೆಯಿರಿ. ಸಿಡಿಯದ ಗುಂಡುಗಳು ಇನ್ನೂ ಇವೆ. ಒಳಗಿರುವ ಟೈನಮ್ ಹಳ್ಳಿಯನ್ನು 1943ರ ಡಿಸೆಂಬರ್‌ನಲ್ಲಿ ಯುದ್ಧದ ತರಬೇತಿಗೆಂದು ಖಾಲಿ ಮಾಡಿಸಿದರು. ಹೋದವರು ಮರಳಿ ಬರಲಿಲ್ಲ.

ಗುಹೆಯ ಆಸೆಯಿಂದ ಸ್ವಾನೇಜ್‌ನ ಟಿಲಿ ವಿಮ್ ಗುಹೆಗಳಿಗೆ ಹೋಗುವವರಿದ್ದಾರೆ. ಅವು ಹಳೆಯ ಕಲ್ಲುಗಣಿಗಳು, ಕಲ್ಲು ಕುಸಿಯುವ ಭಯಕ್ಕೆ 1976ರಲ್ಲೇ ಮುಚ್ಚಿವೆ. ಈಗ ಬಾವಲಿಗಳ ಮನೆ. ನಿಜವಾದ ಗುಹೆಗೆ ಈ ಕರಾವಳಿ ದಾಟಿ ಡೆವನ್‌ನ ಟಾರ್ಕಿ ಊರಿನ ಕೆಂಟ್ಸ್ ಕ್ಯಾವರ್ನ್‌ಗೆ ಹೋಗಬೇಕು. 1927ರಲ್ಲಿ ಆದಿಮಾನವರ ದವಡೆಯ ತುಣುಕು ಸಿಕ್ಕಿದ್ದು ಅಲ್ಲೇ. ಒಳಗೆ ವರ್ಷವಿಡೀ 14 ಡಿಗ್ರಿ, ಸ್ವೆಟರ್ ಇರಲಿ. ಹೊರಡುವ ಮುನ್ನ ಬಾಗಿಲು ತೆರೆದಿದೆಯೇ ವಿಚಾರಿಸಿ.

ಲೈಮ್‌ಗೆ ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಆ್ಯಕ್ಸ್‌ಮಿನ್‌ಸ್ಟರ್‌ಗೆ ರೈಲು, ಮುಂದೆ ಬಸ್ಸು. ಲಲ್‌ವರ್ತ್‌ಗೆ ಅದೇ ವಾಟರ್‌ಲೂ, ಆದರೆ ಬೇರೆ ಮಾರ್ಗದ ವುಲ್ ನಿಲ್ದಾಣ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಬುತ್ತಿ ಕಟ್ಟಿಕೊಂಡು ಹೋದರೆ ಲೈಮ್‌ನ ಕಡಲಹಕ್ಕಿಗಳ ಬಗ್ಗೆ ಎಚ್ಚರ. ಹೆಚ್ಚಾಗಿ ಹಿಂದಿನಿಂದಲೇ ಎರಗುತ್ತವೆ. ಗೋಡೆಗೆ ಬೆನ್ನು ಕೊಟ್ಟು ಕೂತು, ಆಮೇಲೆ ಡಬ್ಬಿ ತೆಗೆಯಿರಿ.