ವೈರೇ ಇಲ್ಲದ ಸ್ಟೇಜು, ಬರಿಗಾಲಿನ ಡೇವಿಡ್ ಬರ್ನ್

ರಾಕ್ ಗಾಯಕ ಡೇವಿಡ್ ಬರ್ನ್ ಹುಚ್ಚು ನಂಗೆ ಕಾಲೇಜ್ ದಿನಗಳಿಂದ್ಲೂ ಇದೆ. ಆದ್ರೆ ಅಷ್ಟೊತ್ತಿಗಾಗ್ಲೇ ಅವ್ರ ಟಾಕಿಂಗ್ ಹೆಡ್ಸ್ ಬ್ಯಾಂಡ್ ಮುಚ್ಚಿಹೋಗಿ (1991ರಲ್ಲಿ) ಎಷ್ಟೋ ವರ್ಷ ಆಗಿತ್ತು, ಹಂಗಾಗಿ ಹೆಡ್‌ಫೋನಲ್ಲಿ ಕೇಳೋದಷ್ಟೇ ನಮ್ಮ ಹಣೇಲಿ ಬರ್ದಿರೋದು ಅಂದ್ಕೊಂಡು ಸುಮ್ನಿದ್ದೆ. 2019ರ ಕೊನೇಲಿ ನ್ಯೂಯಾರ್ಕ್ ಬ್ರಾಡ್‌ವೇಯ ಹಡ್ಸನ್ ಥಿಯೇಟರಲ್ಲಿ ಅವ್ರ 'ಅಮೆರಿಕನ್ ಯುಟೋಪಿಯಾ' ಅನ್ನೋ ಹಾಡು-ಕುಣಿತದ ಶೋಗೆ ಬಾಲ್ಕನಿ ಟಿಕೆಟ್ ಸಿಕ್ತು ನೋಡಿ, ಆವತ್ತಿನ ಕಥೆ ಇದು.

ಪರದೆ ಎದ್ದಾಗ ಸ್ಟೇಜಲ್ಲಿ ಇದ್ದಿದ್ದು ಒಂದು ಟೇಬಲ್ಲು, ಒಂದು ಕುರ್ಚಿ, ಅದ್ರಲ್ಲಿ ಬೂದು ಸೂಟ್ ಹಾಕ್ಕೊಂಡು ಬರಿಗಾಲಲ್ಲಿ ಕೂತ ಬರ್ನ್. ಕೈಯಲ್ಲಿ ಮನುಷ್ಯನ ಮೆದುಳಿನ ಮಾಡೆಲ್ಲು! ಅದ್ರ ಒಂದೊಂದು ಭಾಗಾನೂ ಬೆರಳಲ್ಲಿ ತೋರಿಸ್ತಾ ಮೇಷ್ಟ್ರು ಪಾಠ ಮಾಡ್ದಂಗೆ ಹಾಡ್ತಿದ್ರು. ಆಂಪ್ಲಿಫೈಯರ್ ಇಲ್ಲ, ಮೈಕ್ ಸ್ಟ್ಯಾಂಡ್ ಇಲ್ಲ, ಹಿಂದೆ ಎಲ್‌ಇಡಿ ಸ್ಕ್ರೀನ್ ಅಂತೂ ಇಲ್ವೇ ಇಲ್ಲ. ಮೂರು ಕಡೆ ಸಣ್ಣ ಸಣ್ಣ ಲೋಹದ ಸರಪಳಿಗಳನ್ನ ಇಳಿಬಿಟ್ಟಿರೋ ಪರದೆ ಅಷ್ಟೇ. ಅದನ್ನ ಸರಿಸ್ಕೊಂಡು ಎಲ್ಲಿಂದ ಬೇಕಾದ್ರೂ ಒಬ್ರು ಬರ್ತಾರೆ, ಎಲ್ಲಿಂದ ಬೇಕಾದ್ರೂ ಮಾಯ ಆಗ್ತಾರೆ, ಒಂದೊಂದ್ಸಲ ಬರೀ ಕೈ ಮಾತ್ರ ಹೊರಗೆ.

ಬರ್ನ್ ಸೇರಿ ಹನ್ನೆರಡು ಜನ, ಎಲ್ಲರದ್ದೂ ಅದೇ ಸೂಟು, ಅದೇ ಬರಿಗಾಲು, ಎಲ್ಲಾ ವಾದ್ಯಾನೂ ವೈರ್‌ಲೆಸ್ಸು. ಡ್ರಮ್ ಸೆಟ್ ಅನ್ನೋದನ್ನೇ ಬಿಚ್ಚಿ ಆರು ಜನಕ್ಕೆ ಹಂಚಿಬಿಟ್ಟಿದ್ದಾರೆ, ಡೊಳ್ಳು ಕುಣಿತದವರ ಥರ ಮೈಗೆ ಕಟ್ಕೊಂಡು ಬಾರಿಸ್ತಾನೇ ಕುಣೀತಾರೆ, ಕೀಬೋರ್ಡ್ ಕೂಡ ಹೆಗಲಿಗೇ ನೇತಾಕೊಂಡಿದ್ರು ಪಾಪ! ನಂಗೆ ಅಲ್ಲೇ ತಲೆ ತಿರುಗಿದ್ದು. ಇಷ್ಟು ವರ್ಷ ಕಿವೀಲಿ ಒಂದೇ ಮುದ್ದೆಯಾಗಿ ಬರ್ತಿದ್ದ ರಿದಮ್ಮು ಈಗ ಕಣ್ಮುಂದೆ ಬಿಡಿಬಿಡಿಯಾಗಿ ನಡೆದಾಡ್ತಿದೆ, ಈ ಟಕ್ ಅನ್ನೋದು ಎಡಗಡೆ ಇರೋರದ್ದು, ಆ ಗುಡುಗು ಹಿಂದಿನ ಸಾಲಿಂದು ಅಂತ ಬೊಟ್ಟು ಮಾಡಿ ತೋರಿಸ್ಬೋದಿತ್ತು. ಬಾಲ್ಕನಿ ಸೀಟು ಅಂತ ಮೂಗು ಮುರಿಯೋರು ಇರ್ತಾರೆ, ಆದ್ರೆ ಅವ್ರೆಲ್ಲ ಸೇರಿ ಸಾಲು, ವೃತ್ತ, ಚೌಕ ಕಟ್ಟೋದು, ಕಾಲ ಕೆಳಗೆ ಬೆಳಕಿನ ಗೆರೆ ಬದಲಾಗೋದು ಇದೆಲ್ಲ ಮೇಲಿಂದಾನೇ ನೋಡ್ಬೇಕು. ಕೊರಿಯೋಗ್ರಫಿ ಆ್ಯನಿ-ಬಿ ಪಾರ್ಸನ್ ಅವ್ರದ್ದು.

ಇದೆಲ್ಲ ರೆಕಾರ್ಡೆಡ್ ಇರ್ಬೇಕು ಅಂತ ಅನುಮಾನ ಪಡೋರು ಇದಾರೆ ಅಂತ ಬರ್ನೇ ಸ್ಟೇಜಲ್ಲಿ ಹೇಳಿದ್ರು. ಆಮೇಲೆ ಒಬ್ಬೊಬ್ರನ್ನೇ ಸೇರಿಸ್ತಾ ಹೋದ್ರು, ಮೊದ್ಲು ಒಂದು ವಾದ್ಯ, ಅದ್ರ ಮೇಲೆ ಇನ್ನೊಂದು, ಮತ್ತೊಂದು, ನೋಡ್ತಾ ನೋಡ್ತಾ 1980ರ ಹಾಡೊಂದು ನಮ್ಮ ಕಣ್ಣೆದುರಿಗೇ ಇಟ್ಟಿಗೆ ಇಟ್ಟಿಗೆಯಾಗಿ ಎದ್ದು ನಿಲ್ತು. ಚಪ್ಪಾಳೆ ನಿಲ್ಲೋ ಲಕ್ಷಣಾನೇ ಇರ್ಲಿಲ್ಲ.

ಇನ್ನೊಂದು ಹಾಡಿಗೆ ಸ್ಟೇಜಿನ ಮುಂದ್ಗಡೆ ನೆಲದ ಹತ್ರ ಒಂದೇ ಒಂದು ದೀಪ. ಅಷ್ಟೇ, ಎಲ್ಲರ ನೆರಳೂ ಸರಪಳಿ ಮೇಲೆ ರಾಕ್ಷಸರ ಥರ ಬೆಳೀತು, ದೀಪದ ಹತ್ರ ಬಂದವ್ರ ನೆರಳು ದೊಡ್ಡದು, ದೂರ ಹೋದವ್ರದ್ದು ಚಿಕ್ಕದು. ಕೋಟಿಗಟ್ಲೆ ಸುರಿದು ಗ್ರಾಫಿಕ್ಸ್ ಮಾಡಿಸೋರು ಒಂದ್ಸಲ ಬಂದು ನೋಡ್ಬೇಕಿತ್ತು.

ಕೊನೆ ಕಡೆ ಅಮೆರಿಕದ ಕಪ್ಪು ಗಾಯಕಿ ಜಾನೆಲ್ ಮೊನೆ ಅವ್ರ ಪ್ರತಿಭಟನೆ ಹಾಡು ಬಂತು, ಸಾಯಿಸಲ್ಪಟ್ಟ ಕಪ್ಪು ಜನರ ಹೆಸರುಗಳನ್ನ ಒಂದೊಂದಾಗಿ ಕೂಗಿ, ಹೆಸರು ಹೇಳಿ ಹೆಸರು ಹೇಳಿ ಅಂತ ಡ್ರಮ್ ಜೊತೆ ಕೂಗೋದು. ವಯಸ್ಸಾದ ಬಿಳಿಯ ನಾನು ಇದನ್ನ ಹಾಡ್ಬೋದಾ ಅಂತ ಮೊನೆ ಅವ್ರನ್ನೇ ಕೇಳಿದ್ದೆ ಅಂತ ಬರ್ನ್ ಮೊದ್ಲೇ ಹೇಳ್ಕೊಂಡ್ರು. ಅಲ್ಲೀವರೆಗೂ ಸೀಟಲ್ಲೇ ಕುಣೀತಿದ್ದೋರೆಲ್ಲ ಗಪ್‌ಚುಪ್. ಇಷ್ಟು ಮಜಾ ಮಧ್ಯೆ ಇದು ಹೊಂದಲ್ಲ ಅಂತ ಪಕ್ಕದಲ್ಲಿದ್ದ ಗೆಳೆಯ ಆಮೇಲೆ ವಾದ ಮಾಡ್ದ, ನಾನಂತೂ ಒಪ್ಪಲ್ಲ. ಅದೇ ಡ್ರಮ್ಮುಗಳು ಕುಣಿಸ್ಲೂಬಹುದು, ಎದೆಗೆ ಗುದ್ದಲೂಬಹುದು, ಅದು ಗೊತ್ತಾಗಿದ್ದೇ ಆ ಹಾಡಲ್ಲಿ.

2020ರಲ್ಲಿ ನಿರ್ದೇಶಕ ಸ್ಪೈಕ್ ಲೀ ಈ ಶೋನೇ ಸಿನಿಮಾ ಮಾಡಿದ್ರು, ಚೆನ್ನಾಗಿದೆ, ಸಿಕ್ರೆ ನೋಡಿ. ಆದ್ರೆ ಅಲ್ಲಿ ಕ್ಯಾಮೆರಾ ತೋರಿಸಿದ್ದನ್ನೇ ನೋಡ್ಬೇಕು, ಥಿಯೇಟರಲ್ಲಿ ನಾನು ಒಂದು ಹಾಡು ಪೂರ್ತಿ ಬರೀ ಬೇಸ್ ಗಿಟಾರ್ ನುಡಿಸೋರನ್ನೇ ನೋಡ್ತಾ ಕೂತಿದ್ದೆ, ಯಾರ್ ಕೇಳ್ತಾರೆ! ಬಾಲ್ಕನಿಯವ್ರಿಗೆ ಮೋಸ ಆಗಿದ್ದು ಒಂದೇ ಕಡೆ. ಕೊನೇ ಹಾಡಿಗೆ ಇಡೀ ತಂಡ ಬಾರಿಸ್ತಾ ಸ್ಟೇಜ್ ಇಳಿದು ಕೆಳಗಿನ ಸೀಟುಗಳ ನಡುವೆ ಮೆರವಣಿಗೆ ಹೊರಡ್ತು, ನಮಗೆ ಕಂಬಿ ಹಿಡ್ಕೊಂಡು ಬಗ್ಗಿ ಬಗ್ಗಿ ಬರ್ನ್ ಅವ್ರ ಬಿಳಿ ತಲೆ ಹುಡುಕೋ ಕೆಲಸ.